‘ನಾನೇ ಓದಿದೆ’ ಎನ್ನುವ ಹೆಮ್ಮೆ



ಮನೆಯಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದು ಅಂದರೆ ಓಡುತ್ತಾರೆ ಅಲ್ಲವೇ? ಓದಿನ ಚಿಂತೆ ಅಮೆರಿಕದವರಿಗೂ ಬಂದಿತ್ತು. ಶಾಲೆಯ ಓದಿನ ಪುಸ್ತಕಗಳೇ ನೀರಸ ಎಂದು ಲೇಖಕ ಜಾನ್ ಹರ್ಸಿ 1954ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬರೆದರು.

1957ರಲ್ಲಿ ಡಾ. ಸ್ಯೂಸ್ ಬರೀ 236 ಪದಗಳನ್ನೇ ತಿರುಗಿಸಿ ಮುರುಗಿಸಿ ‘ದ ಕ್ಯಾಟ್ ಇನ್ ದ ಹ್ಯಾಟ್’ ಬರೆದರು. ಅದೇ ವರ್ಷ ಒಂದನೇ ತರಗತಿಯ ಶಿಕ್ಷಕಿ ಎಲ್ಸೆ ಮಿನಾರಿಕ್ ಅವರ ‘ಲಿಟಲ್ ಬೇರ್’ ಬಂತು. ಚಿತ್ರಗಳು ಮಾರಿಸ್ ಸೆಂಡಾಕ್ ಅವರವು.

ಮಿನಾರಿಕ್ ಅವರದು ಸರಳ ಉಪಾಯ. ಮರಿಕರಡಿ ಮತ್ತು ಅದರ ಅಮ್ಮನ ಕಥೆಗೆ ನಾಲ್ಕು ಅಧ್ಯಾಯ. ಗಿಡ್ಡ ಸಾಲು, ದಪ್ಪ ಅಕ್ಷರ, ಜೊತೆಗೆ ಚಿತ್ರ. ಒಂದು ಅಧ್ಯಾಯ ಒಂದೇ ಉಸಿರಿಗೆ ಮುಗಿಯುತ್ತದೆ. ಆದರೂ ಕೈಯಲ್ಲಿರುವುದು ದೊಡ್ಡವರದರಂತೆ ಅಧ್ಯಾಯಗಳಿರುವ ಪುಸ್ತಕ! ‘ನಾನೇ ಓದಿದೆ’ ಎನ್ನುವ ಹೆಮ್ಮೆಯೇ ಮಗುವನ್ನು ಮುಂದಿನ ಅಧ್ಯಾಯಕ್ಕೆ ಕರೆದೊಯ್ಯುತ್ತದೆ.

ಕನ್ನಡದಲ್ಲೂ ಮೆಟ್ಟಿಲುಗಳಿವೆ. 2004ರಲ್ಲಿ ಶುರುವಾದ ಬೆಂಗಳೂರಿನ ಪ್ರಥಮ್ ಬುಕ್ಸ್, 2015ರಲ್ಲಿ ಸ್ಟೋರಿವೀವರ್ ತಾಣ ತೆರೆಯಿತು. ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳೂ ಅಲ್ಲಿ ಉಚಿತ.

ನೀವು ಮುಂಬೈಯಲ್ಲಿರಿ, ಚೆನ್ನೈಯಲ್ಲಿರಿ, ಇವತ್ತು ರಾತ್ರಿ ಒಂದು ಪುಟ ನೀವು ಓದಿ. ಮುಂದಿನ ಪುಟ ಮಗುವಿಗೆ ಬಿಡಿ. ತಡವರಿಸಿದರೆ ಅವಸರ ಮಾಡಬೇಡಿ. ಮಾತು ಹೇಗೂ ಬಂದಿದೆ, ಅಕ್ಷರವೂ ಬರುತ್ತದೆ.