ತಪ್ಪು ವಿಳಾಸದ ಕಾಗದ

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಕೋಲಾರದ ಚಿನ್ನದ ಗಣಿಯಲ್ಲಿ ಬಹುಕಾಲ ದುಡಿದು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಬೆಂಗಳೂರಿಗೆ, ಮಗನ ಮನೆಗೆ ಬಂದವರು. ಕಾಲ್ಚೆಂಡಾಟವೆಂದರೆ ಅವರಿಗೆ ಪ್ರಾಣ. ಒಂದು ಸಂಜೆ ಚಹ ಕುಡಿಯುತ್ತ ಕುಳಿತಿದ್ದಾಗ ಪೊಟ್ಟಣದ ಮೇಲಿದ್ದ ಲಿಪ್ಟನ್ ಎಂಬ ಹೆಸರನ್ನು ತೋರಿಸಿ, “ಈ ಮನುಷ್ಯ ಒಂದು ಬೆಳ್ಳಿ ಕಪ್ ಇಟ್ಟಿದ್ದ, ಗೊತ್ತೇನ್ರೀ? ಅದನ್ನ ಗಣಿಯವರು ಗೆದ್ದುಕೊಂಡು ಹೋದರು. ಅದೂ ಕಾಗದ ತಪ್ಪಿ ಬಂದು!” ಎಂದರು.

ಕಥೆ ಹೀಗಿದೆ. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಡರ್ಹಮ್ ಎಂಬ ಕಲ್ಲಿದ್ದಲ ಸೀಮೆ. ಅಲ್ಲಿ ವೆಸ್ಟ್ ಆಕ್ಲೆಂಡ್ ಎಂಬ ಹಳ್ಳಿ. ಚಹದ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್ನರು 1909ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಹಲವು ದೇಶಗಳ ತಂಡಗಳಿಗೆ ಒಂದು ಪಂದ್ಯಾವಳಿ ಏರ್ಪಡಿಸಿದರು. ಇಂಗ್ಲೆಂಡಿನಿಂದ ತಂಡವೊಂದನ್ನು ಕಳುಹಿಸಲು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಒಪ್ಪಲಿಲ್ಲ. ಆಗ ಲಿಪ್ಟನ್ನರ ಗುಮಾಸ್ತನಿಗೆ ‘ಡಬ್ಲ್ಯೂ.ಎ.’ ತಂಡವನ್ನು ಕರೆಯುವಂತೆ ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟವರ ಮನಸ್ಸಿನಲ್ಲಿದ್ದದ್ದು ಲಂಡನ್ನಿನ ಹೆಸರಾಂತ ವುಲಿಚ್ ಆರ್ಸೆನಲ್. ಕಾಗದ ಹೋದದ್ದು ವೆಸ್ಟ್ ಆಕ್ಲೆಂಡಿಗೆ. ಮುಖ ತೊಳೆದರೂ ಕಣ್ಣಂಚಿನ ಕಲ್ಲಿದ್ದಲ ಪುಡಿ ಹೋಗದ ಆ ಜನ ಟ್ಯೂರಿನ್ನಿಗೆ ಹೋಗಿ ಯೂರೋಪಿನ ಮಹಾಮಲ್ಲರನ್ನು ಮಣ್ಣುಮುಕ್ಕಿಸಿ ಕಪ್ ತಂದರು.

ಕೇಳಿದೊಡನೆ ನನಗೆ ಎಲ್ಲಿಲ್ಲದ ಸಂತೋಷವಾಯಿತು, ಸಂಶಯವೂ ಆಯಿತು. ಇಷ್ಟು ಅಚ್ಚುಕಟ್ಟಾದ ಕಥೆಗಳು ನಡೆದುದಕ್ಕಿಂತ ಹೇಳಿದುದರಿಂದ ಹುಟ್ಟುವುದೇ ಹೆಚ್ಚು. ಕೆಲವು ದಿನ ಅದರ ಬೆನ್ನು ಹತ್ತಿದೆ.

ಪಂದ್ಯಗಳು ನಡೆದದ್ದು ನಿಜ. 1909ರ ಏಪ್ರಿಲ್ 11ರಂದು ವೆಸ್ಟ್ ಆಕ್ಲೆಂಡಿನವರು ಜರ್ಮನಿಯ ಸ್ಟುಟ್‌ಗಾರ್ಟ್ ತಂಡವನ್ನು 2-0ಯಿಂದ ಸೋಲಿಸಿದರು. ಮಾರನೆಯ ದಿನ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ತಂಡವನ್ನೂ 2-0ಯಿಂದಲೇ ಸೋಲಿಸಿ ಕಪ್ ಪಡೆದರು. 1911ರಲ್ಲಿ ಗೆದ್ದವರಾಗಿ ಮತ್ತೆ ಹೋದರು. ಜೂರಿಕ್ ತಂಡವನ್ನು 2-0ಯಿಂದ, ಕೊನೆಯ ಪಂದ್ಯದಲ್ಲಿ ಯುವೆಂಟಸನ್ನು 6-1ರಿಂದ ಸೋಲಿಸಿದರು. ಯುವೆಂಟಸ್! ಈ ಹೆಸರು ಕೇಳಿ ಇಂದಿನ ಹುಡುಗರು ಹುಬ್ಬೇರಿಸುತ್ತಾರೆ. ಎರಡು ಸಲ ಗೆದ್ದುದರಿಂದ ಕಪ್ ಹಳ್ಳಿಯ ಸ್ವಂತ ಸ್ವತ್ತಾಯಿತು.

ಇನ್ನು ಕಾಗದದ ವಿಷಯ. ವುಲಿಚ್ ಆರ್ಸೆನಲ್ ಆಗ ಇಂಗ್ಲೆಂಡಿನ ಮೊದಲ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ, ಸಂಬಳ ಕೊಟ್ಟು ಆಟಗಾರರನ್ನಿಟ್ಟ ತಂಡ. ಟ್ಯೂರಿನ್ನಿನ ಪಂದ್ಯಗಳು ನಡೆದದ್ದು ಸರಿಯಾಗಿ ಈಸ್ಟರ್ ಹಬ್ಬದ ಭಾನುವಾರ, ಸೋಮವಾರಗಳಂದು. ಈಸ್ಟರ್ ಎಂದರೆ ಆ ಲೀಗಿನವರಿಗೆ ಸುಗ್ಗಿ. ರಜೆಯ ಜನ ಮೈದಾನಕ್ಕೆ ನುಗ್ಗುವ ಕಾಲ. ಅಂಥ ದಿನ ಆ ತಂಡವನ್ನು ಇಟಲಿಗೆ ಕರೆಯುವಷ್ಟು ಅಜ್ಞಾನ, ಊರೂರಿಗೆ ಅಂಗಡಿ ತೆರೆದು ಕೋಟ್ಯಧೀಶನಾದ ಲಿಪ್ಟನ್ನನಿಗೆ ಇತ್ತೆಂದು ನನಗೆ ತೋರುವುದಿಲ್ಲ. ಅಲ್ಲದೆ ಕಾಗದಕ್ಕೆ ಊರು, ಜಿಲ್ಲೆ ಬರೆಯದೆ ಎರಡಕ್ಷರ ಬರೆದು ಅಂಚೆಗೆ ಹಾಕುವ ಗುಮಾಸ್ತ ಯಾವ ಕಂಪನಿಯಲ್ಲಿಯೂ ಬಹಳ ದಿನ ಉಳಿಯಲಾರ.

ಮಹಾಮಲ್ಲರ ಮಾತೂ ಅಷ್ಟೆ. ಎದುರಾಳಿಗಳು ಆ ದೇಶಗಳ ಹಣ ಪಡೆದು ಆಡುವ ಘಟಾನುಘಟಿಗಳೆಂದು ಕಥೆ ಹೇಳುವವರು ಹೇಳುತ್ತಾರೆ. ಆಗ ಇಟಲಿ, ಜರ್ಮನಿ, ಸ್ವಿಟ್ಜರ್ಲೆಂಡುಗಳಲ್ಲಿ ಫುಟ್‌ಬಾಲಿನಿಂದ ಹೊಟ್ಟೆ ಹೊರೆಯುವ ಪದ್ಧತಿ ಇನ್ನೂ ಬಂದಿರಲಿಲ್ಲ. ಯುವೆಂಟಸ್ ಎಂಬುದು 1897ರಲ್ಲಿ ಟ್ಯೂರಿನ್ನಿನ ಒಂದು ಶಾಲೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ ಸಂಘ. ಆಟ ಹುಟ್ಟಿದ ನಾಡಿನವರು ಉಳಿದವರಿಗಿಂತ ಆಗ ಬಹಳ ಮುಂದಿದ್ದರು. ವೆಸ್ಟ್ ಆಕ್ಲೆಂಡ್ ಆಡುತ್ತಿದ್ದ ನಾರ್ದರ್ನ್ ಲೀಗು 1889ರಿಂದ ನಡೆದುಬಂದದ್ದು; ಆ ಪಟ್ಟಿಯಲ್ಲಿ ಇವರು ಮೇಲಿನವರೇನೂ ಅಲ್ಲ. ಅಂಥವರಿಗೂ ಯೂರೋಪಿನ ಹುಡುಗರು ಕಷ್ಟದ ತುತ್ತಾಗಲಿಲ್ಲ. ಇದನ್ನು ‘ಮೊದಲನೆಯ ವಿಶ್ವಕಪ್’ ಎನ್ನುವುದೂ ಪ್ರೀತಿಯ ಮಾತು. ಬಂದಿದ್ದವು ನಾಲ್ಕು ತಂಡಗಳು, ನಾಲ್ಕೂ ಯೂರೋಪಿನವು. ಹಿಂದಿನ ವರ್ಷ 1908ರಲ್ಲಿ ಅದೇ ಟ್ಯೂರಿನ್ನಿನಲ್ಲಿ ಇಂಥದೇ ಪಂದ್ಯಾವಳಿ ನಡೆದು ಜಿನೀವಾದ ಸರ್ವೆಟ್ ತಂಡ ಗೆದ್ದಿತ್ತು.

ಇಷ್ಟೆಲ್ಲ ಹೇಳಿ ಕಥೆಯ ಗಾಳಿ ತೆಗೆದೆನೆಂದು ಓದುಗರು ಮುನಿಯಬಾರದು. ನನ್ನ ತಕರಾರು ಬೇರೆ. ಈ ಕಥೆ ಆಶ್ಚರ್ಯವನ್ನು ಇಡಬಾರದ ಕಡೆ ಇಡುತ್ತದೆ. ಗಣಿಯ ಕೂಲಿಗಳನ್ನು ಯಾರಾದರೂ ತಿಳಿದು ತಿಳಿದು ಕರೆದಾರೆಯೇ, ಕಾಗದವೇ ತಪ್ಪಿರಬೇಕು ಎಂಬ ಒಂದು ತಾತ್ಸಾರ, ನಗೆಯ ಮುಸುಕು ಹಾಕಿಕೊಂಡು ಅದರೊಳಗೆ ಕುಳಿತಿದೆ. ವಿಚಿತ್ರವೇನೆಂದರೆ ಆ ಸೀಮೆಯವರೇ ಅದನ್ನು ಎಲ್ಲರಿಗಿಂತ ಹೆಚ್ಚು ಹುರುಪಿನಿಂದ ಹೇಳುತ್ತ ಬಂದಿದ್ದಾರೆ. 1982ರಲ್ಲಿ ಇದನ್ನು ಟೆಲಿವಿಷನ್ನಿನಲ್ಲಿ ಚಿತ್ರವಾಗಿಯೂ ತೋರಿಸಿದರು.

ಆಶ್ಚರ್ಯ ಇರುವುದು ಖರ್ಚಿನ ಪುಸ್ತಕದಲ್ಲಿ. ಡರ್ಹಮ್ ಸೀಮೆಯಲ್ಲಿ ಆ ಕಾಲಕ್ಕೆ ಒಂದೂವರೆ ಲಕ್ಷದಷ್ಟು ಜನ ಗಣಿಗಳಲ್ಲಿ ದುಡಿಯುತ್ತಿದ್ದರು. ಪಶ್ಚಿಮ ಭಾಗದಲ್ಲಿ ಕಲ್ಲಿದ್ದಲ ಪದರ ತೆಳು. ಒಂದು ಮಗ್ಗುಲಿಗೆ ಮಲಗಿ ಗುದ್ದಲಿಯಾಡಿಸಬೇಕು. ಎಷ್ಟು ಕಡಿದರೆ ಅಷ್ಟು ಕೂಲಿ. ಇಳಿಯದ ದಿನ ಕೂಲಿಯಿಲ್ಲ. ಎಷ್ಟೋ ಕಡೆ ಇರುವ ಮನೆಯೂ ಗಣಿಯ ಒಡೆಯರದೇ. ಅಂಥವರು ರೈಲು, ಹಡಗು, ಮತ್ತೆ ರೈಲು ಹತ್ತಿ ಆಲ್ಪ್ಸ್ ಪರ್ವತದಾಚೆಗೆ ಹೋಗಿ ಆಡಿ ಬಂದರು. ದಾರಿಯ ಖರ್ಚಿಗೆ ಮನೆಯ ಸಾಮಾನು ಮಾರಿದರೆಂದು ಊರಿನವರು ಹೇಳುತ್ತಾರೆ; ಈ ಮಾತನ್ನು ಮಾತ್ರ ನಾನು ನಂಬುತ್ತೇನೆ. ಇನ್ನೊಂದು ಸಂಗತಿ: ಇಂಗ್ಲೆಂಡಿನಲ್ಲಿ ಭಾನುವಾರ ಸಂಘಗಳ ಪಂದ್ಯಗಳೇ ನಡೆಯುತ್ತಿರಲಿಲ್ಲ. ಪ್ರಾರ್ಥನಾಮಂದಿರದ ಪಾಠಗಳಲ್ಲಿ ಬೆಳೆದ ಆ ಜನ ಈಸ್ಟರ್ ಭಾನುವಾರದಂದೇ ಚೆಂಡು ಒದ್ದದ್ದು ಎಷ್ಟು ಜನ ತಾಯಂದಿರಿಗೆ ಹಿಡಿಸಿತೋ!

ಗೆದ್ದು ಬಂದ ಮೇಲೆ ಸಂಘದ ಕೈಯಲ್ಲಿ ಉಳಿದದ್ದು ಕಪ್ ಮತ್ತು ಸಾಲ. 40 ಪೌಂಡಿಗೆ ಅದನ್ನು ಊರಿನ ಹೋಟೆಲಿನ ಒಡತಿಯಲ್ಲಿ ಒತ್ತೆ ಇಟ್ಟರು. ಬಿಡಿಸಿಕೊಳ್ಳಲಾಗಲಿಲ್ಲ. 1912ರಲ್ಲಿ ದೇಶದ ಗಣಿಗಳೆಲ್ಲ ಕನಿಷ್ಠ ಕೂಲಿಗಾಗಿ ಮುಷ್ಕರ ಹೂಡಿದವು, ಆಮೇಲೆ ಯುದ್ಧ, 1926ರಲ್ಲಿ ತಿಂಗಳುಗಟ್ಟಲೆ ಗಣಿಬಾಗಿಲು ಮುಚ್ಚಿದ್ದು, ಆಮೇಲೆ ಇನ್ನೊಂದು ಯುದ್ಧ. ಇಷ್ಟೂ ಕಾಲ ಕಪ್ ಆ ಒಡತಿಯ ಬಳಿಯೇ ಇತ್ತು. 1960ರಲ್ಲಿ ಹಳ್ಳಿಯವರು 100 ಪೌಂಡು ಕೂಡಿಸಿ ಅದನ್ನು ಮರಳಿ ತಂದರು. ಮರುವರ್ಷ ಅವರ ತಂಡ ವೆಂಬ್ಲಿಯಲ್ಲಿ ಹವ್ಯಾಸಿಗಳ ಕಪ್ಪಿನ ಕೊನೆಯ ಪಂದ್ಯ ಆಡಿ 2-1ರಿಂದ ಸೋತಿತು.

ಕಪ್ ಬಂದಿತು, ಗಣಿಗಳು ಹೋಗತೊಡಗಿದವು. 1951ರಲ್ಲೇ ಡರ್ಹಮ್ ಜಿಲ್ಲೆಯ ಆಡಳಿತದವರು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ‘ಡಿ’ ವರ್ಗಕ್ಕೆ ಸೇರಿಸಿದ್ದರು; ಅಂದರೆ ಇನ್ನು ಅಲ್ಲಿ ಹೊಸದೇನನ್ನೂ ಕಟ್ಟುವುದಿಲ್ಲ, ತಾವಾಗಿ ಅಳಿಯಲಿ ಎಂದು. 1993ರ ಹೊತ್ತಿಗೆ ಸೀಮೆಯ ದೊಡ್ಡ ಗಣಿಗಳು ಒಂದೂ ಉಳಿಯಲಿಲ್ಲ. ಕೊನೆಯದಾಗಿ ಮುಚ್ಚಿದ ವೇರ್‌ಮತ್ ಗಣಿಯ ಜಾಗದಲ್ಲಿ 1997ರಲ್ಲಿ ಎದ್ದದ್ದು ಸಂಡರ್‌ಲೆಂಡ್ ತಂಡದ ಫುಟ್‌ಬಾಲ್ ಮೈದಾನ. 1994ರ ಜನವರಿಯಲ್ಲಿ, ಗಣಿಗಳ ಕಥೆ ಮುಗಿದ ಸ್ವಲ್ಪ ಕಾಲದಲ್ಲೇ, ವೆಸ್ಟ್ ಆಕ್ಲೆಂಡಿನ ಕಾರ್ಮಿಕರ ಕ್ಲಬ್ಬಿನಿಂದ ಕಳ್ಳರು ಕಪ್ಪನ್ನು ಕದ್ದೊಯ್ದರು. ಈಗ ಅಲ್ಲಿರುವುದು ಅದರ ಪಡಿಯಚ್ಚು. 2013ರಲ್ಲಿ ಊರ ಮಧ್ಯದ ಹುಲ್ಲುಗಾವಲಿನಲ್ಲಿ ಆ ಆಟಗಾರರ ನೆನಪಿಗೆ ಪ್ರತಿಮೆ ನಿಲ್ಲಿಸಿದ್ದಾರೆ.

ಅಂದಹಾಗೆ ಲಿಪ್ಟನ್ನರಿಗೂ ಒಂದು ಕಪ್ಪಿನ ಹುಚ್ಚಿತ್ತು. ‘ಅಮೆರಿಕಾ ಕಪ್’ ಎಂಬ ಹಾಯಿದೋಣಿಯ ಪಂದ್ಯಕ್ಕೆ 1899ರಿಂದ 1930ರವರೆಗೆ ಐದು ಸಲ ದೋಣಿ ಕಟ್ಟಿಸಿ ಹೋಗಿ, ಐದು ಸಲವೂ ಸೋತರು.

ಮೊನ್ನೆ ಇದನ್ನೆಲ್ಲ ಹಿರಿಯರಿಗೆ ಒಪ್ಪಿಸಿದೆ. ಕಾಗದದ ಕಥೆ ಸುಳ್ಳಿರಬಹುದೆಂದಾಗ ಅವರೇನೂ ಬೇಸರಪಡಲಿಲ್ಲ. “ಯಾವತ್ತು ಆಟ ಅಂದ್ರಿ?” ಎಂದು ಕೇಳಿದರು. ಭಾನುವಾರ, ಸೋಮವಾರ ಎಂದೆ.

ಅವರು ಬೆರಳು ಮಡಿಸತೊಡಗಿದರು. “ಭಾನುವಾರ ಅಲ್ಲಿರಬೇಕು ಅಂದ್ರೆ ಗುರುವಾರವೇ ರೈಲು ಹತ್ತಬೇಕು. ಒಂದು ಶಿಫ್ಟು ಹೋಯ್ತು. ಶುಕ್ರವಾರ ಹಬ್ಬ, ರಜ. ಶನಿವಾರ ಎರಡು. ಸೋಮವಾರ ರಜ. ಮಂಗಳವಾರ, ಬುಧವಾರ ವಾಪಸು ದಾರಿ, ನಾಲ್ಕು. ಬಂದವನು ಅವತ್ತೇ ಇಳಿಯೋಕಾಗುತ್ತಾ? ಗುರುವಾರವೂ ಸೇರಿಸಿ, ಐದು.”

ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಇನ್ನೊಂದು ಸಲವೂ ಹೋದರಲ್ಲ,” ಎಂದರು. “ಹತ್ತು.”

ಅಷ್ಟರಲ್ಲಿ ಅವರ ಚಹ ಆರಿತ್ತು.