ತಾತನ ಕುರ್ಚಿ ಮತ್ತು ಎರಡು ಅಂಟುಗಳ ಕಥೆ

ತುಂಬಾ ದಿನದಿಂದ ಬ್ಲಾಗಿನ ಕಡೆ ತಲೆ ಹಾಕಿರಲಿಲ್ಲ. ಕಾರಣ, ತಾತನ ಕುರ್ಚಿ! ತೆಳು ಮರದ ಪದರಗಳನ್ನು ಅಂಟಿಸಿ ಬಗ್ಗಿಸಿದ ಅದರ ಬೆನ್ನು ಈ ಮಳೆಗಾಲದಲ್ಲಿ ಹಳೇ ಪುಸ್ತಕದ ಹಾಳೆಗಳ ಹಾಗೆ ಬಿಚ್ಚಿಕೊಂಡಿತು. ಬಿಳಿ ಅಂಟು ತಂದು ಸಂದಿಗೆ ಸುರಿದು, ಮೇಲೆ ರುಬ್ಬುಗುಂಡು ಹೇರಿದೆ. ತಿಂಗಳೊಳಗೆ ಮತ್ತೆ ಬಾಯಿಬಿಟ್ಟಿತು. "ಬಿಸಾಕಿ ಹೊಸದು ತಗೊಳ್ಳೋ" ಅಂದರು ಅಮ್ಮ. ಮನಸ್ಸು ಬರಲಿಲ್ಲ. ಯಾಕೆ ಹೀಗಾಯ್ತು ಅಂತ ಹುಡುಕುತ್ತಾ ಹೋದವನು ಜರ್ಮನಿ ತಲುಪಿದೆ :)

ರೈನ್ ನದಿಯ ದಡದ ಬೊಪ್ಪಾರ್ಡ್ ಊರಿನ ಬಡಗಿ ಮಿಖಾಯೆಲ್ ಥೋನೆಟ್ (ಹುಟ್ಟಿದ್ದು 1796). 1830ರ ಸುಮಾರಿಗೆ ಈತ ಮರದ ತೆಳು ಪಟ್ಟಿಗಳನ್ನು ಬಿಸಿ ಅಂಟಿನಲ್ಲಿ ಬೇಯಿಸಿ, ಅಚ್ಚಿನಲ್ಲಿ ಬಗ್ಗಿಸಿ ಕುರ್ಚಿ ಮಾಡತೊಡಗಿದ. 1842ರಲ್ಲಿ ವಿಯೆನ್ನಾಕ್ಕೆ ಹೋದ, ಹೆಸರು ಮಾಡಿದ. ಆದರೆ ಆ ಅಂಟು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ್ದು. ತೇವಕ್ಕೆ ಮೆತ್ತಗಾಗುತ್ತದೆ. ಹಡಗು ಹತ್ತಿ ಸೆಕೆಯ ದೇಶಗಳಿಗೆ ಹೋದ ಕುರ್ಚಿಗಳ ಪದರ ಬಿಟ್ಟುಕೊಂಡವು. ಥೋನೆಟ್ ಅಂಟನ್ನೇ ಕೈಬಿಟ್ಟು, ಗಟ್ಟಿ ಮರವನ್ನು ಹಬೆಯಲ್ಲಿ ಬಗ್ಗಿಸುವ ವಿಧಾನಕ್ಕೆ 1856ರಲ್ಲಿ ಹಕ್ಕು ಪಡೆದ. 1859ರ ಅವನ 14ನೇ ನಂಬರಿನ ಕುರ್ಚಿ ಜಗತ್ತಿನ ಹೋಟೆಲುಗಳನ್ನೆಲ್ಲ ತುಂಬಿತು.

ಪದರದ ಮರ ಮತ್ತೆ ಗೆದ್ದದ್ದು 20ನೇ ಶತಮಾನದಲ್ಲಿ, ನೀರಿಗೆ ಅಷ್ಟು ಸುಲಭವಾಗಿ ಜಗ್ಗದ ರಾಸಾಯನಿಕ ಅಂಟು ಬಂದ ಮೇಲೆ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1942ರಲ್ಲಿ ನೌಕಾದಳದ ಗಾಯಾಳುಗಳಿಗೆ ಪ್ಲೈವುಡ್ಡಿನ ಕಾಲುಪಟ್ಟಿ ಮಾಡಿಕೊಟ್ಟರು. ಅದೇ ಅನುಭವ ಯುದ್ಧ ಮುಗಿದ ಮೇಲೆ ಕುರ್ಚಿಯಾಯಿತು.

ಈಗ ನನ್ನ ತಪ್ಪು ಗೊತ್ತಾಯ್ತು. ಹಳೇ ಅಂಟಿನ ಮೇಲೆ ಬಿಳಿ ಅಂಟು ಹಿಡಿಯುವುದಿಲ್ಲ. ಬಗ್ ಹುಡುಕದೆ ಪ್ಯಾಚ್ ಹಾಕಿದ ಹಾಗೆ! ಮೊದಲು ಯಾವ ಅಂಟು ಅಂತ ನೋಡಬೇಕು. ಒಂದು ಹನಿ ಬಿಸಿನೀರಿಗೆ ಜಿಗುಟಾದರೆ ಪ್ರಾಣಿಜನ್ಯ ಅಂಟು. ಅದನ್ನು ಬಿಸಿ ಒದ್ದೆ ಬಟ್ಟೆಯಿಂದ ಮೆತ್ತಗೆ ಮಾಡಿ, ಒರೆಸಿ, ಒಣಗಿಸಿ, ಮತ್ತೆ ಅಂಟಿಸಬಹುದು. ಜಿಗುಟಾಗದಿದ್ದರೆ ಬಹುಶಃ ರಾಸಾಯನಿಕ ಅಂಟು. ಅದು ಕರಗದು, ಸಂದಿಯನ್ನು ಕೆರೆದು ಚೊಕ್ಕ ಮಾಡಿ ಎಪಾಕ್ಸಿ ತೂರಿಸಬೇಕು. ಎರಡಕ್ಕೂ ಬೆನ್ನಿನ ತಿರುವಿಗೆ ಸರಿಹೊಂದುವ ಮರದ ಅಚ್ಚು ಕೊಟ್ಟು ಶಿಕಂಜಿಯಲ್ಲಿ ಬಿಗಿಯಬೇಕು. ರುಬ್ಬುಗುಂಡು ಸಾಲದು.

ತಾತನ ಕುರ್ಚಿಯ ಹನಿ ಜಿಗುಟಾಯಿತು. ನನ್ನ ಬಿಳಿ ಅಂಟನ್ನು ಕೆರೆದು ತೆಗೆಯಲು ಎರಡು ಭಾನುವಾರ ಹಿಡಿಯಿತು. ಥೋನೆಟ್‌ನನ್ನು ಸೋಲಿಸಿದ ಅಂಟಿನ ಅದೇ ದೌರ್ಬಲ್ಯ ತಾತನ ಕುರ್ಚಿಯನ್ನು ಉಳಿಸಿತು. ಬಿಚ್ಚಲು ಬಂದದ್ದನ್ನೇ ತಾನೇ ರಿಪೇರಿ ಮಾಡಲಾಗುವುದು?

ಮೊದಲು ಕೂತು ನೋಡಿದ್ದು ಅಮ್ಮ. ಏನೂ ಹೇಳಲಿಲ್ಲ, ಕಾಫಿ ಅಲ್ಲಿಗೇ ತರಲು ಹೇಳಿದರು :)

ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ, ಬಿಸಾಕುವ ಮೊದಲು ಒಂದು ಹನಿ ಬಿಸಿನೀರು ಹಾಕಿ ನೋಡಿ..