ಪಾದದ ಸಣ್ಣ ಮೂಳೆ ಮುರಿತ: ಕೂಡಿಕೊಳ್ಳಲು ಏಕಿಷ್ಟು ತಡ?

ಮನುಷ್ಯನ ಪ್ರತಿ ಪಾದದಲ್ಲಿ 26 ಮೂಳೆಗಳಿವೆ. ಇವುಗಳಲ್ಲಿ ಕಿರುಬೆರಳಿನ ಹಿಂದೆ, ಪಾದದ ಹೊರ ಅಂಚಿನುದ್ದಕ್ಕೂ ಚಾಚಿಕೊಂಡಿರುವ ಐದನೆಯ ಮೆಟಾಟಾರ್ಸಲ್ ಮೂಳೆ ಗಾತ್ರದಲ್ಲಿ ಸಣ್ಣದು. ಆದರೆ ಮುರಿದಾಗ ಅದು ಕೊಡುವ ತೊಂದರೆ ಸಣ್ಣದಲ್ಲ. ಮೆಟ್ಟಿಲು ತಪ್ಪಿದಾಗ, ಗದ್ದೆಯ ಬದುವಿನಿಂದ ಜಾರಿ ಕಾಲು ಹೊರಳಿದಾಗ ಈ ಮೂಳೆ ಮುರಿಯುವುದುಂಟು. ಅನೇಕರು ಇದನ್ನು ಉಳುಕು ಎಂದೇ ಭಾವಿಸಿ ಎಣ್ಣೆ ತಿಕ್ಕಿಸಿಕೊಂಡು ಸುಮ್ಮನಾಗುತ್ತಾರೆ. ವಾರಗಳು ಕಳೆದರೂ ಬಾವು ಇಳಿಯದಿದ್ದಾಗ ಮಾತ್ರ ಎಕ್ಸ್‌ರೇ ನೆನಪಾಗುತ್ತದೆ.

ಈ ಮುರಿತಕ್ಕೆ ವೈದ್ಯಶಾಸ್ತ್ರದಲ್ಲಿ 'ಜೋನ್ಸ್ ಮುರಿತ' ಎಂಬ ಹೆಸರಿದೆ. ಲಿವರ್‌ಪೂಲ್‌ನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ನೃತ್ಯ ಮಾಡುತ್ತಿದ್ದಾಗ ತಮ್ಮ ಪಾದವನ್ನೇ ಮುರಿದುಕೊಂಡಿದ್ದರು. ತಮ್ಮದೂ ಸೇರಿದಂತೆ ಇಂತಹ ಕೆಲವು ಪ್ರಕರಣಗಳನ್ನು ಅವರು 1902ರಲ್ಲಿ ಪ್ರಕಟಿಸಿದರು. ಎಕ್ಸ್‌ರೇ ಕಂಡುಹಿಡಿದು ಆಗಿನ್ನೂ ಏಳು ವರ್ಷ ಕಳೆದಿತ್ತಷ್ಟೆ.

ರಕ್ತ ಸಾಲದ ಜಾಗ

ಮೂಳೆ ಕೂಡಿಕೊಳ್ಳಲು ರಕ್ತ ಬೇಕು. ಐದನೆಯ ಮೆಟಾಟಾರ್ಸಲ್‌ನ ಬುಡಕ್ಕೆ ಒಂದು ಕಡೆಯಿಂದಲೂ ನಡುಭಾಗಕ್ಕೆ ಇನ್ನೊಂದು ಕಡೆಯಿಂದಲೂ ರಕ್ತನಾಳಗಳು ಬರುತ್ತವೆ. ಇವೆರಡರ ನಡುವಿನ ಕಿರಿದಾದ ಜಾಗಕ್ಕೆ ಎರಡು ಕಡೆಯಿಂದಲೂ ಸಿಗುವುದು ಅಲ್ಪ. ಎರಡು ಕಾಲುವೆಗಳ ಕೊನೆಯಂಚಿನಲ್ಲಿರುವ ಹೊಲದ ಸ್ಥಿತಿ ಅದರದು. ಜೋನ್ಸ್ ಮುರಿತ ಸಂಭವಿಸುವುದು ಸರಿಯಾಗಿ ಇಲ್ಲಿಯೇ. ಸಾಲದೆಂಬಂತೆ ಪ್ರತಿ ಹೆಜ್ಜೆಯೂ ಆ ಜಾಗವನ್ನು ಬಾಗಿಸುತ್ತದೆ.

ಮೂಳೆಯ ತೀರಾ ತುದಿಯ ಚೂರು ಕಿತ್ತುಬರುವ ಮುರಿತ ಬೇರೆಯೇ. ಗಟ್ಟಿ ತಳದ ಬೂಟು ಹಾಕಿ ನಡೆದಾಡುತ್ತಲೇ ಅದು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಗುಣವಾಗುತ್ತದೆ. ಎರಡರ ನಡುವಿನ ಅಂತರ ಒಂದೆರಡು ಸೆಂಟಿಮೀಟರ್ ಮಾತ್ರ. ಚಿಕಿತ್ಸೆ ಮಾತ್ರ ಪೂರ್ತಿ ಭಿನ್ನ. ಆದ್ದರಿಂದ 'ಪಾದದ ಮೂಳೆ ಮುರಿದಿದೆ' ಎಂಬಷ್ಟೇ ಮಾತಿಗೆ ತೃಪ್ತರಾಗದೆ, ಮುರಿದಿರುವುದು ನಿಖರವಾಗಿ ಎಲ್ಲಿ ಎಂದು ರೋಗಿ ವೈದ್ಯರನ್ನು ಕೇಳಿ ತಿಳಿಯಬೇಕು. ನೆರೆಮನೆಯವರು ಒಂದೂವರೆ ತಿಂಗಳಲ್ಲಿ ಓಡಾಡಿದರು ಎಂಬುದು ಇಲ್ಲಿ ಅಳತೆಗೋಲಾಗದು.

ಜೋನ್ಸ್ ಮುರಿತಕ್ಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಪ್ಲಾಸ್ಟರ್ ಹಾಕಿ, ಆ ಕಾಲಿನ ಮೇಲೆ ಭಾರವನ್ನೇ ಬಿಡದಂತೆ ಸೂಚಿಸಲಾಗುತ್ತದೆ. ಪೂರ್ಣವಾಗಿ ಕೂಡಲು ಮೂರ್ನಾಲ್ಕು ತಿಂಗಳು ಹಿಡಿದರೂ ಅಚ್ಚರಿಯಿಲ್ಲ. ನೋವು ಮೊದಲು ಹೋಗುತ್ತದೆ, ಮೂಳೆ ಆಮೇಲೆ ಕೂಡುತ್ತದೆ. ನೋವಿಲ್ಲವೆಂದು ನಡೆಯತೊಡಗಿದವರ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ.

ಖಾನಾಪುರದ ದಾರಿಗಳು

ಭಾರ ಬಿಡಬಾರದು ಎಂಬ ಸೂಚನೆಯನ್ನು ಬೆಳಗಾವಿಯ ಫ್ಲ್ಯಾಟಿನಲ್ಲಿ ಪಾಲಿಸುವುದು ಒಂದು ಬಗೆ, ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಯಲ್ಲಿ ಪಾಲಿಸುವುದು ಇನ್ನೊಂದು ಬಗೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಮುತ್ತ ಮಳೆಗಾಲದಲ್ಲಿ ಅಂಗಳವೇ ಜಾರುತ್ತದೆ; ಊರುಗೋಲು ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಭತ್ತದ ನಾಟಿಯೂ ಅದೇ ದಿನಗಳಲ್ಲಿ. ಭೀಮಗಡ ವನ್ಯಜೀವಿಧಾಮದೊಳಗಿನ ಆಮಗಾಂವದಿಂದ 2024ರ ಮಳೆಗಾಲದಲ್ಲಿ ರೋಗಿಯೊಬ್ಬರನ್ನು ಗ್ರಾಮಸ್ಥರು ಹೆಗಲ ಮೇಲೆ ಹೊತ್ತು ತರಬೇಕಾಯಿತು. ಅಂತಹ ಊರಿನವರಿಗೆ ಎರಡು ವಾರಕ್ಕೊಮ್ಮೆ ಬನ್ನಿ ಎನ್ನುವ ವೈದ್ಯರು ದಾರಿಯ ಬಗ್ಗೆಯೂ ವಿಚಾರಿಸುವುದು ಒಳಿತು. ಸಾಧ್ಯವಿದ್ದವರು ಪ್ಲಾಸ್ಟರ್ ಇರುವಷ್ಟು ದಿನ ರಸ್ತೆ ಬದಿಯ ನೆಂಟರ ಮನೆಯಲ್ಲಿ ಉಳಿಯುವುದು ಲೇಸು. ಸಾಮಾನ್ಯ ಪ್ಲಾಸ್ಟರ್ ನೆನೆದರೆ ಮೆತ್ತಗಾಗಿ ನಿರುಪಯುಕ್ತವಾಗುತ್ತದೆ. ಕುಕ್ಕರುಗಾಲಿನ ಶೌಚಾಲಯಕ್ಕೆ ಬದಲಾಗಿ ನಡುವೆ ತೂತಿರುವ ಕುರ್ಚಿಯ ಏರ್ಪಾಡು ಮೊದಲ ದಿನವೇ ಆಗಬೇಕು.

ನಾಟಿ ವೈದ್ಯರ ಕಟ್ಟಿನ ಮೇಲೆ ಈ ಭಾಗದಲ್ಲಿ ನಂಬಿಕೆ ಇನ್ನೂ ಉಳಿದಿದೆ. ಆದರೆ ಎಕ್ಸ್‌ರೇ ಇಲ್ಲದೆ ಮುರಿತದ ಜಾಗ ಯಾವುದೆಂದು ಯಾವ ಕೈಗೂ ತಿಳಿಯದು. ಬಿಗಿಯಾದ ಕಟ್ಟಿನಿಂದ ಬೆರಳುಗಳು ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ತಕ್ಷಣ ಬಿಚ್ಚಿಸಬೇಕು.

ತಂಬಾಕು, ಸಕ್ಕರೆ, ರೊಟ್ಟಿ

ನಿಪ್ಪಾಣಿಯ ತಂಬಾಕು ಬೆಳಗಾವಿ ಜಿಲ್ಲೆಗೆ ಹೆಸರು ತಂದ ಬೆಳೆ. ಮುರಿದ ಮೂಳೆಗೆ ಮಾತ್ರ ಅದು ವೈರಿ. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ, ಮೊದಲೇ ರಕ್ತ ಸಾಲದ ಜಾಗಕ್ಕೆ ಇನ್ನಷ್ಟು ಕೊರತೆಯಾಗುತ್ತದೆ. ಬೀಡಿ ಬಿಟ್ಟು ಸುಣ್ಣ-ತಂಬಾಕು ಹಿಡಿದರೆ ಪ್ರಯೋಜನವಿಲ್ಲ. ನಿಕೋಟಿನ್ ಎರಡರಲ್ಲೂ ಇದೆ. ಮಧುಮೇಹಿಗಳು ಸಕ್ಕರೆಯನ್ನು ಹತೋಟಿಯಲ್ಲಿಡಬೇಕು. ಅವರ ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ನೋವೇ ತಿಳಿಯದೆ ಮುರಿತ ಉಲ್ಬಣಿಸೀತು.

ಜೋಳದ ರೊಟ್ಟಿ ಪೌಷ್ಟಿಕ, ನಿಜ. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 28 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಇದೆ. ಹಾಲು, ಮೊಸರು, ರಾಗಿ ಗಂಜಿಯನ್ನು ಊಟಕ್ಕೆ ಸೇರಿಸಿಕೊಳ್ಳಬಹುದು. ವಿಟಮಿನ್ ಡಿ ಕೊರತೆಯಿದ್ದರೆ ಅದನ್ನೂ ಸರಿಪಡಿಸಬೇಕಾಗುತ್ತದೆ.

ಶಸ್ತ್ರಚಿಕಿತ್ಸೆ ಯಾವಾಗ?

ಮೂರು ತಿಂಗಳಾದರೂ ಎಕ್ಸ್‌ರೇಯಲ್ಲಿ ಮೂಳೆ ಕೂಡುವ ಲಕ್ಷಣ ಕಾಣದಿದ್ದರೆ ಮೂಳೆಯ ಉದ್ದಕ್ಕೂ ಒಳಗಿನಿಂದ ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಲಾಗುತ್ತದೆ. ಬಹುಕಾಲ ಕೂಡದೇ ಉಳಿದಿದ್ದರೆ ಸೊಂಟದ ಮೂಳೆಯಿಂದ ಚೂರು ತೆಗೆದು ಸೇರಿಸುವುದೂ ಉಂಟು. ಆಟಗಾರರಿಗೆ ಹಾಗೂ ಬೇಗ ಕೆಲಸಕ್ಕೆ ಮರಳಲೇಬೇಕಾದವರಿಗೆ ಆರಂಭದಲ್ಲಿಯೇ ಸ್ಕ್ರೂ ಸೂಚಿಸುವ ತಜ್ಞರಿದ್ದಾರೆ. ದಿನಗೂಲಿಯವರನ್ನು ಈ ಎರಡನೆಯ ಗುಂಪಿನಲ್ಲಿ ಎಣಿಸುವುದು ನ್ಯಾಯ.

ಇಂತಹ ಚಿಕಿತ್ಸೆಗೆ ಖಾನಾಪುರದವರು ಸುಮಾರು 26 ಕಿ.ಮೀ. ದೂರದ ಬೆಳಗಾವಿಗೆ ಬರುವುದು ರೂಢಿ. ನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 'ಬಿಮ್ಸ್'ನ ಆಸ್ಪತ್ರೆಯೂ ಕೆಎಲ್ಇ ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆಯೂ ಇವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯ ಬಯಸುವ ಬಿಪಿಎಲ್ ಕುಟುಂಬದವರು ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ, ಶಿಫಾರಸು ಪತ್ರದ ಅಗತ್ಯವಿದೆಯೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಬೇಕು.

ಪ್ಲಾಸ್ಟರ್ ಇರುವಾಗ ಮೀನಖಂಡದಲ್ಲಿ ನೋವು, ಬಾವು ಕಾಣಿಸಿಕೊಂಡರೆ ಅಥವಾ ಏಕಾಏಕಿ ಉಸಿರು ಕಟ್ಟಿದಂತಾದರೆ ರಕ್ತ ಹೆಪ್ಪುಗಟ್ಟಿರುವ ಶಂಕೆಯಿರುತ್ತದೆ. ಆಗ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆ ಸೇರಬೇಕು.